ಭೀಮಾ ಹೊಳಿ ಉಸುಕಿನ ಗೊಂದಲ ಎಲ್ಲಿಂದ ಶುರುವಾತು, ಈಗ ಎಲ್ಲಿಗೆ ಬಂದದ

ಅಫಜಲಪುರದಿಂದ ಹಿಡದು ಜೇವರ್ಗಿ, ಚಿತ್ತಾಪುರ, ಶಹಾಪುರ, ಯಾದಗಿರಿ ತನಕ ಭೀಮಾ ದಂಡಿ ಊರುಗಳಾಗ ಉಸುಕಿನ ಮಾತು ತೆಗದ್ರ ಸಾಕು, ಕಟ್ಟಿ ಮ್ಯಾಲೆ ಕುಂತ ಮಂದಿ ಮೂರು ಭಾಗ ಆಗ್ತಾರ. ಹೊಳಿ ಹಾಳಾಗ್ಲಾಕತ್ತದ, ಮೊದಲ ಇದನ್ನ ಬಂದ್ ಮಾಡ್ರಿ ಅನ್ನೋರು ಒಂದು ಕಡಿ. ಸರ್ಕಾರದ ಮನಿ ಮಂಜೂರಾಗಿ ಗ್ವಾಡಿ ಅರ್ಧಕ್ಕ ನಿಂತದ, ಉಸುಕು ಸಿಗದಂಗ ಆಗ್ಯಾದ ಅನ್ನೋರು ಇನ್ನೊಂದು ಕಡಿ. ಟ್ರ್ಯಾಕ್ಟರ್ ಸಾಲದ ಕಂತು ತುಂಬಬೇಕು, ಬ್ಯಾರೆ ಕೆಲಸ ಏನದ ಇಲ್ಲಿ ಅನ್ನೋ ಹುಡುಗರು ಮತ್ತೊಂದು ಕಡಿ. ಮೂರೂ ಮಂದಿ ಒಂದೇ ಓಣಿಯವ್ರು, ಎಷ್ಟೋ ಸಲ ಒಂದೇ ಮನಿಯವ್ರು. ಇದರ ನಡುವ ಪಂಚಾಯ್ತಿ ಅಂತಾರ, ಪಿಡಬ್ಲ್ಯೂಡಿ ಅಂತಾರ, ಗಣಿ ಇಲಾಖೆ ಅಂತಾರ, ಹಸಿರು ಪೀಠ (ಪರಿಸರದ ಕೇಸು ನೋಡೋ ನ್ಯಾಯಮಂಡಳಿ) ಅಂತಾರ, ಯಾವುದು ಯಾವಾಗ ಬಂತು, ಯಾವ ನಿಯಮ ಈಗ ಚಾಲ್ತಿ ಅದ ಅನ್ನೋದು ಓದಿದವ್ರಿಗೂ ತಿಳಿಯದಂಗ ಆಗ್ಯಾದ. ಅದಕ್ಕ ಶುರುವಿನಿಂದ ಬರಿಲಾಕತ್ತೀನಿ.

ಹಳೀದು ಭಾಳ ಇಲ್ಲ. ನಿಜಾಮರ ಕಾಲದಾಗ, 1956ರಾಗ ಮೈಸೂರು ರಾಜ್ಯಕ್ಕ ಸೇರಿದ ಮ್ಯಾಲೂ ಎಷ್ಟೋ ವರ್ಷ, ನಮ್ ಕಡಿ ಮನಿ ಅಂದ್ರ ಶಹಾಬಾದ್ ಕಲ್ಲು, ಮಣ್ಣು, ಮ್ಯಾಲ ಮಾಳಗಿ. ಗಿಲಾವಿಗೆ ಬೇಕಾದಷ್ಟು ಉಸುಕು ಬಂಡಿ ಹೂಡಿ ತರ್ತಿದ್ರು, ಯಾರೂ ಕೇಳ್ತಿರ್ಲಿಲ್ಲ. 1957ರ ಕೇಂದ್ರದ ಗಣಿ ಕಾಯ್ದೆ ಕಟ್ಟಡದ ಕಲ್ಲು, ಗರ್ಸು, ಉಸುಕು ಇವನ್ನೆಲ್ಲ ಉಪ ಖನಿಜ ಅಂತ ಕರದು ಅದರ 15ನೇ ಕಲಮಿನಾಗ ನಿಯಮ ಮಾಡೋ ಅಧಿಕಾರ ರಾಜ್ಯಕ್ಕ ಬಿಟ್ಟುಕೊಡ್ತು, ನಮ್ಮ ರಾಜ್ಯ 1994ರಾಗ ಉಪ ಖನಿಜ ರಿಯಾಯಿತಿ ನಿಯಮಾವಳಿ ತಂತು. ಅಂದ್ರ ಶುರುವಿನಿಂದಲೇ ಉಸುಕು ಅನ್ನೋದು ಕಾಗದದಾಗ ಮಾರೋ ಮಾಲು. ಹೊಳಿಯ ಒಂದು ಅಂಗ ಅಂತ ಅದನ್ನ ನೋಡೋದು ಭಾಳ ತಡಾ ಆಗಿ ಬಂತು.

ಬೇಡಿಕೆ ಏರಿದ್ದು ಆರ್‌ಸಿಸಿ ಮನಿ ಬಂದ ಮ್ಯಾಲೆ. ವಾಡಿ, ಸೇಡಂ ಕಡಿ ಸಿಮೆಂಟಿಗೇನು ಕೊರತಿ ಇಲ್ಲ, ಕೊರತಿ ಇದ್ದದ್ದು ಉಸುಕಿಗೆ. ಸಂವಿಧಾನಕ್ಕ 98ನೇ ತಿದ್ದುಪಡಿ ಆಗಿ ನಮ್ ಭಾಗಕ್ಕ ವಿಶೇಷ ಸ್ಥಾನಮಾನ ಕೊಡೋ 371ಜೆ ಕಲಮು ಬಂದ ಮ್ಯಾಲೆ ಶಾಲಿ ಕೋಣಿ, ರಸ್ತಾ, ಹಾಸ್ಟೆಲ್, ದವಾಖಾನಿ ಅಂತ ಕೆಲಸ ಜಾಸ್ತಿ ಆದವು, ಆಗಬೇಕಾಗಿದ್ದವೇ, ನಮ್ ಭಾಗ ಅಷ್ಟು ಹಿಂದ ಉಳದಿತ್ತು. ಆದ್ರ ಆ ಎಲ್ಲಾ ಕೆಲಸದ ಉಸುಕು ಎಲ್ಲಿಂದ ಬರ್ತದ ಅಂತ ಲೆಕ್ಕ ಹಾಕಿ ಯೋಜನಾ ಮಾಡಿದ್ದು ಎಲ್ಲೂ ಕಾಣಲ್ಲ.

ಬೇಡಿಕೆ ಹಿಂಗ ಏರ್ತಿದ್ದಾಗ ಹೊಳಿಗೆ ಬರೋ ಉಸುಕು ಕಮ್ಮಿ ಆಗ್ತಾ ಹೋತು. ಭೀಮಾ ಮಹಾರಾಷ್ಟ್ರದ ಭೀಮಾಶಂಕರದಾಗ ಹುಟ್ಟಿ 861 ಕಿಲೋಮೀಟರ್ ಹರದು ಕೃಷ್ಣೆಗೆ ಸೇರ್ತದ. 1980ರ ಹೊತ್ತಿಗೆ ಸೊಲ್ಲಾಪುರ ಜಿಲ್ಲಾದಾಗ ಉಜನಿ ಡ್ಯಾಂ ಆತು, ಮ್ಯಾಲಿಂದ ಬರೋ ಉಸುಕು, ಹೂಳು ಬಹುಪಾಲು ಅಲ್ಲೇ ನಿಲ್ತದ. ಇಲ್ಲಿ ನಮ್ ಕಡಿ ಸೊನ್ನ, ಸರಡಗಿ, ಸನ್ನತಿ, ಗುರಸಣಗಿ ಅಂತ ಸಾಲಾಗಿ ಬ್ಯಾರೇಜ್ ಬಂದವು. ನೀರಾವರಿಗೆ, ಕುಡಿಯೋ ನೀರಿಗೆ ಅವು ಬೇಕು, ಅದರಾಗ ಎರಡು ಮಾತಿಲ್ಲ, ಕಲಬುರಗಿ ಪಟ್ಟಣ ಕುಡಿಯೋದು ಸರಡಗಿ ಹತ್ರದ ಭೀಮಾ ನೀರೇ, ಜೋಡಿಗೆ ಬೆಣ್ಣೆತೊರಾದ್ದು. ಆದ್ರ ನೀರು ನಿಂತಲ್ಲಿ ಉಸುಕು ಮುಂದ ಸರಿಯಲ್ಲ. ಇವತ್ತು ತೆಗದ ಉಸುಕು ಮುಂದಿನ ಮಳಿಗಾಲಕ್ಕ ತುಂಬ್ತದ ಅನ್ನೋ ನಂಬಿಕಿ ಬಂಡಿ ಕಾಲದ್ದು, ಈಗ ಅದು ಎಲ್ಲಾ ಕಡಿ ಖರೆ ಅಲ್ಲ.

ಉಸುಕು ಹೋದ್ರ ಏನಾಗ್ತದ ಅನ್ನೋದು ಹೊಳಿದಂಡಿ ಹೆಣ್ಮಕ್ಕಳಿಗೆ ಯಾವ ರಿಪೋರ್ಟ್ ಓದ್ದೇ ಗೊತ್ತದ. ಬ್ಯಾಸಗ್ಯಾಗ ಹೊಳಿ ಒಣಗಿದಾಗ ಉಸುಕಿನಾಗ ಮೊಳಕಾಲು ಆಳದ ವರ್ತಿ ತೋಡ್ತಿದ್ರು. ಮೊದಲ ಕೆಂಪಗ ರಾಡಿ ಬರ್ತದ, ಅದನ್ನ ಚರಗಿಲೆ ಎತ್ತಿ ಚಲ್ಲಿ ಸ್ವಲ್ಪ ತಡದ್ರ ತಳದಿಂದ ತಿಳಿ ನೀರು ಮೆಲ್ಲಗ ಏರ್ತದ, ವಾಟಿಲೆ ತುಂಬಿ ಅರಿವಿ ಕಟ್ಟಿದ ಕೊಡಕ್ಕ ಸೋಸಿ ಹಾಕೋದು. ಆ ನೀರು ಹಿಡಿದಿಟ್ಟದ್ದು ಉಸುಕು. ಕಾಳಿನ ನಡುವಿನ ಸಂದಿನಾಗ ನೀರು ಕುಂದ್ರತದ, ಬಿಸಲಿಗೆ ಆರಲ್ಲ, ದಂಡಿ ಮ್ಯಾಲಿನ ಬಾವಿ, ಬೋರಿಗೂ ಒಳಗಿಂದ ಹಾಯ್ತದ. ಉಸುಕು ಕೆರದು ತಳದ ಗಟ್ಟಿ ಮಣ್ಣು, ಬಂಡಿ ಕಲ್ಲು ಕಂಡ ಜಾಗದಾಗ ವರ್ತಿ ತೋಡ್ಲಾಕ ಆಗಲ್ಲ, ಬಾವಿ ನೀರು ಕೆಳಗ ಇಳಿತದ. ಆಮೇಲೆ ಒಂದೇ ಜಾಗದಾಗ ಆಳ ತೋಡಿದ್ರ ಆ ಗುಂಡಿ ಅಲ್ಲೇ ಇರಲ್ಲ, ನೀರು ಬಂದಾಗ ಅದರ ಬಾಯಿ ಕುಸಿತಾ ಕುಸಿತಾ ಮ್ಯಾಲಿನ ಕಡಿ ಸರೀತದ, ಸೇತುವೆ ಕಂಬದ ಬುಡ ಬಯಲಾಗ್ತದ, ದಂಡಿ ಎರಿ ಹೊಲ ಕಡದು ಹೋಗ್ತದ. ಮಡು ಎಲ್ಲದ ಅಂತ ಗೊತ್ತಿಲ್ದೇ ಈಜಾಡ್ಲಾಕ ಇಳಿದ ಹುಡುಗರು ಮುಳುಗೋದೂ ಇಂಥಾ ಗುಂಡಿಗಳಾಗೇ.

ಈಗ ಕಾಯ್ದೆ ಕಥಿಗೆ ಬರೋಣ, ಗೋಜಲು ಆಗಿದ್ದು ಇಲ್ಲೇ. 2011ರಾಗ ರಾಜ್ಯ ಸರ್ಕಾರ ಉಸುಕು ನೀತಿ ತಂದು ತೆಗಿಯೋದು, ಮಾರೋದು ಎಲ್ಲಾ ಲೋಕೋಪಯೋಗಿ ಇಲಾಖೆಗೆ (ಪಿಡಬ್ಲ್ಯೂಡಿ) ಕೊಡ್ತು, ಜಿಲ್ಲಾಧಿಕಾರಿ ಮುಂದಾಳತ್ವದಾಗ ಸಮಿತಿ ಆತು. ಅದು ಇನ್ನೂ ಕುದುರಿರ್ಲಿಲ್ಲ, 2012ರ ಫೆಬ್ರವರಿ 27ಕ್ಕ ಸುಪ್ರೀಂ ಕೋರ್ಟು ಹರಿಯಾಣದ ದೀಪಕ್ ಕುಮಾರ್ ಕೇಸಿನಾಗ, 5 ಹೆಕ್ಟೇರಿಗಿಂತ ಸಣ್ಣ ಜಾಗ ಆದ್ರೂ ಪರಿಸರ ಅನುಮತಿ ಬೇಕೇ ಬೇಕು ಅಂತು. ಅಲ್ಲಿತನಕ ದೊಡ್ಡ ಜಾಗವನ್ನ ತುಣುಕು ತುಣುಕು ಮಾಡಿ ಅನುಮತಿ ತಪ್ಪಿಸೋ ರೂಢಿ ದೇಶದ ತುಂಬ ಇತ್ತು. 2013ರ ಆಗಸ್ಟ್ 5ಕ್ಕ ರಾಷ್ಟ್ರೀಯ ಹಸಿರು ಪೀಠ ಅನುಮತಿ ಇಲ್ದೇ ಯಾವ ಹೊಳಿಯಾಗೂ ಉಸುಕು ಮುಟ್ಟಬ್ಯಾಡ್ರಿ ಅಂತ ಆದೇಶ ಮಾಡ್ತು.

ನನ್ನ ಕೇಳಿದ್ರ ನಮ್ ಕಡಿ ಎಲ್ಲಾ ಬದಲಾದದ್ದು ಆ ನಂತರದ ನಾಲ್ಕೈದು ವರ್ಷದಾಗ. ಆದೇಶ ಸರಿಯಾದದ್ದೇ. ಆದ್ರ ಕಾನೂನಿನ ಉಸುಕು ನಿಂತ್ರೂ ಮನಿ ಕಟ್ಟೋದು ನಿಲ್ಲಲಿಲ್ಲ, ಸರ್ಕಾರದ ಟೆಂಡರ್ ಕೆಲಸವೂ ನಿಲ್ಲಲಿಲ್ಲ. ಬ್ರಾಸಿನ (ನೂರು ಘನ ಅಡಿ ಉಸುಕಿನ) ರೇಟು ಏರ್ತು, ಹಗಲಿನ ಕೆಲಸ ರಾತ್ರಿಗೆ ಸರೀತು. ನಂಬರ್ ಪ್ಲೇಟ್ ಇಲ್ಲದ ಟ್ರ್ಯಾಕ್ಟರ್, ಲೈಟ್ ಹಚ್ಚದೇ ಹೊಳಿಗೆ ಇಳಿಯೋದು, ಮೊದಲ ಸಲಿಕಿ ಬುಟ್ಟಿಲೆ ತುಂಬ್ತಿದ್ದವ್ರು ಆಮೇಲೆ ಜೆಸಿಬಿ ತಂದ್ರು. ನೀರಿದ್ದಲ್ಲಿ ಬೋಟಿನ ಮ್ಯಾಲೆ ಪಂಪ್ ಇಟ್ಟು ತಳದಿಂದ ಎಳಿಯೋದು ಶುರುವಾತು. ಮುಂಜಾನಿ ಎದ್ದು ನೋಡಿದ್ರ ಟ್ರಾಲಿ ಸಂದಿನಿಂದ ಸೋರಿದ ನೀರಿನ ಗೆರಿ ಹೊಳಿಯಿಂದ ಅಗಸಿ ತನಕ, ಅಗಸಿಯಿಂದ ಹೊಲದ ದಾರಿ ಹಿಡದು ಡಾಂಬರ್ ರಸ್ತಾಕ್ಕ ಹೋಗಿರ್ತಿತ್ತು, ಯಾವ ಗಾಡಿ ಎತ್ಲಾಗ ಹೋತು ಅಂತ ಇಡೀ ಊರಿಗೆ ಗೊತ್ತು, ಯಾರೂ ಬಾಯಿ ಬಿಡ್ತಿರ್ಲಿಲ್ಲ. ಬಾಯಿ ಬಿಟ್ಟವ್ರು ಊರಾಗ ಬಾಳ್ವೆ ಮಾಡೋದು ಸುಲಭ ಇರ್ಲಿಲ್ಲ, ಅದನ್ನ ಸಣ್ಣ ಮಾತು ಅಂತ ತಿಳ್ಕೋಬಾರ್ದು. ಹೊಲದಾಗಿನ ಉಸುಕು ತೆಗಿಲಾಕ ಪಟ್ಟಾ ಜಮೀನಿನ ಪರ್ಮಿಟ್ ಅಂತ ಒಂದಿತ್ತು, ಹೊಲದ ಹೆಸರಿನ ಕಾಗದದ ಮ್ಯಾಲೆ ಹೊಳಿ ಉಸುಕು ಹೋದ್ರ ರಸ್ತಾದಾಗ ನಿಂತ ಪೊಲೀಸಪ್ಪಗ ಗುರ್ತು ಹತ್ತೋದು ಹ್ಯಾಂಗ? 2014ರಾಗ ಸುಪ್ರೀಂ ಕೋರ್ಟು ಇಂಥಾ ಉಸುಕು ಸಾಗಣಿಗೆ ಕಳವಿನ ಕೇಸೂ ಹಾಕಬಹುದು ಅಂತ ಹೇಳಿದ ಮ್ಯಾಲೆ ಗಾಡಿ ಹಿಡಿಯೋದು ಜಾಸ್ತಿ ಆತು. ಸ್ಟೇಷನ್ ಅಂಗಳದಾಗ ಟ್ರ್ಯಾಕ್ಟರ್ ನಿಂತವು, ಕೇಸು ಬಿದ್ದದ್ದು ಬಹುಪಾಲು ಡ್ರೈವರ್ ಮ್ಯಾಲೆ. ಉಸುಕು ಕೊಂಡವ್ರ ಹೆಸರು ಕೇಸಿನಾಗ ಬರೋದು ಅಪರೂಪ.

ಮುಂದಿಂದು ಜಲ್ದಿ ಹೇಳ್ತೀನಿ. 2016ರ ಜನವರಿಯಾಗ ಕೇಂದ್ರ ಸಣ್ಣ ಜಾಗದ ಅನುಮತಿ ಕೊಡೋ ಅಧಿಕಾರ ಜಿಲ್ಲಾ ಮಟ್ಟದ ಸಮಿತಿಗೆ ಕೊಡ್ತು, ಮಾರ್ಗಸೂಚಿನೂ ಬಂತು: 3 ಮೀಟರ್ ಇಲ್ಲಾ ನೀರಿನ ಮಟ್ಟ, ಯಾವುದು ಕಮ್ಮಿ ಅದಕ್ಕಿಂತ ಆಳ ತೋಡಬಾರ್ದು, ಮಳಿಗಾಲದಾಗ ತೆಗಿಬಾರ್ದು. ಅದೇ ವರ್ಷ ರಾಜ್ಯದಾಗ ನಿಯಮ ತಿದ್ದಿ ಹರಾಜು ಮತ್ತ ಗಣಿ ಇಲಾಖೆ ಕೈಗೆ ಹೋತು. 2018ರ ಸೆಪ್ಟೆಂಬರದಾಗ ಹಸಿರು ಪೀಠ ಆ ಜಿಲ್ಲಾ ಸಮಿತಿ ಪದ್ಧತಿ ನಡಿಯಲ್ಲ ಅಂತು. 2020ರ ಜನವರಿಯಾಗ ಕೇಂದ್ರದಿಂದ ನಿಗಾ ಮಾರ್ಗಸೂಚಿ, ಅದೇ ವರ್ಷ ರಾಜ್ಯದ ಹೊಸ ಉಸುಕು ನೀತಿ: ಸಣ್ಣ ಹಳ್ಳದ ಉಸುಕು ಗ್ರಾಮ ಪಂಚಾಯ್ತಿಗೆ, ದೊಡ್ಡ ಹೊಳಿದು ಸರ್ಕಾರಿ ಕಂಪನಿಗೆ, ನಮ್ ಕಡಿ ಜಿಲ್ಲಾಗಳು ಹಟ್ಟಿ ಚಿನ್ನದ ಗಣಿ ಕಂಪನಿ ಪಾಲಿಗೆ. ಮುಂದ 2021ರಾಗ ದರ ಹಳ್ಳದ್ದು ಟನ್ನಿಗೆ 300, ಹೊಳಿದು 700 ರೂಪಾಯಿ ಅಂತ ಆತು. ನೀತಿ ಬಂದ 2020ರ ಅಕ್ಟೋಬರದಾಗೇ ಭೀಮಾ ಮಹಾಪೂರ ಬಂದು ಕಲಬುರಗಿ, ಯಾದಗಿರಿ ಎರಡೂ ಜಿಲ್ಲಾದ ದಂಡಿ ಊರು ನೀರಾಗ ನಿಂತವು.

ಇಷ್ಟೆಲ್ಲ ಆದ್ರೂ 2023ರ ಜೂನದಾಗ ಜೇವರ್ಗಿ ತಾಲೂಕಿನಾಗ ಉಸುಕಿನ ಟ್ರ್ಯಾಕ್ಟರ್ ತಡಿಲಾಕ ಹೋದ ಹೆಡ್ ಕಾನ್‌ಸ್ಟೇಬಲ್ ಒಬ್ರ ಮ್ಯಾಲೇ ಗಾಡಿ ಹಾಯ್ದು ಅವ್ರು ಜೀವ ಕಳಕೊಂಡ್ರು. ರಾಜ್ಯದ ಪೇಪರೆಲ್ಲ ಬರದವು, ಒಂದಿಷ್ಟು ದಿನ ಬಂದೋಬಸ್ತ್ ಬಿಗಿ ಆತು. ಒಂದು ಟ್ರಾಲಿ ಉಸುಕಿನ ಸಲುವಾಗಿ ಒಬ್ಬ ಮನಷಾ ಸಾಯೋ ಪರಿಸ್ಥಿತಿ ಒಂದೇ ರಾತ್ರಿಯಾಗ ಬಂದದ್ದಲ್ಲ.

ಹನ್ನೆರಡು ಹದಿಮೂರು ವರ್ಷದ ಈ ಓಡಾಟದಾಗ ಬದಲಾಗಿದ್ದು ಯಾರು ಮಾರಬೇಕು ಅನ್ನೋದು. ಹೊಳಿ ವರ್ಷಕ್ಕ ಎಷ್ಟು ಉಸುಕು ಕೊಡ್ತದ ಅನ್ನೋ ಲೆಕ್ಕ ಯಾವ ಕೈಗೂ ಸರಿಯಾಗಿ ಹತ್ತಲಿಲ್ಲ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಉಸುಕು) ಬಂದದ, ಗೌಂಡಿಗಳು ಈಗ ಸ್ಲ್ಯಾಬಿಗೆ ಹಾಕ್ತಾರ, ಗಿಲಾವಿಗೆ ಇನ್ನೂ ಹೊಳಿ ಉಸುಕೇ ಕೇಳ್ತಾರ, ಅದರಿಂದ ಒತ್ತಡ ಕಮ್ಮಿ ಆದ್ರೂ ಮುಗಿದಿಲ್ಲ. 2020ರ ಮಾರ್ಗಸೂಚಿ ಪ್ರಕಾರ ಮಳಿಗಾಲದ ಮೊದಲ ಒಮ್ಮೆ, ಆದ ಮ್ಯಾಲೆ ಒಮ್ಮೆ ಹೊಳಿ ತಳದ ಮಟ್ಟ ಅಳಿಬೇಕು, ಎಷ್ಟು ತುಂಬಿದೆಯೋ ಅದರ ಮ್ಯಾಲೇ ಎಷ್ಟು ತೆಗಿಬೇಕು ಅಂತ ಗೊತ್ತು ಮಾಡ್ಬೇಕು, ಅದು ಜಿಲ್ಲಾ ಸಮೀಕ್ಷೆ ವರದಿಯಾಗ ಬರ್ಬೇಕು. ಆ ಎರಡು ಅಳತಿ ಅಂಕಿ ಊರ ಹೆಸರು ಹಚ್ಚಿ, ಕನ್ನಡದಾಗ, ಪಂಚಾಯ್ತಿ ಬೋರ್ಡಿಗೆ ಅಂಟಿಸ್ರಿ ಅಂತ ದಂಡಿ ಊರಿನವ್ರು ಮುಂದಿನ ಗ್ರಾಮಸಭಾದಾಗ ಠರಾವು ಮಾಡಿ ಕೇಳಬಹುದು, ಸಿಗದಿದ್ರ ಮಾಹಿತಿ ಹಕ್ಕಿನಾಗ ಅರ್ಜಿ ಹಾಕಬಹುದು, ಅರ್ಜಿ ಫೀಸು 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವ್ರಿಗೆ ಅದೂ ಇಲ್ಲ.