ಲೇಸ್ ಪರದೆಯ ಐರಿಶರು: ಒಂದು ಚುಚ್ಚುಮಾತು, ಅದರ ಹಿಂದಿನ ಹೆಣ್ಣುಮಕ್ಕಳು

ಅಮೆರಿಕದ ಹಳೆಯ ಕಾದಂಬರಿ, ಆತ್ಮಕಥೆಗಳನ್ನು ಓದುವಾಗ 'ಲೇಸ್ ಕರ್ಟನ್ ಐರಿಶ್' ಅನ್ನುವ ಮಾತು ಸಿಗುತ್ತದೆ. ಕಿಟಕಿಗೆ ಲೇಸ್ ಪರದೆ ಕಟ್ಟಿಕೊಂಡ ಐರಿಶರು, ಅಂದರೆ ಐರ್ಲೆಂಡಿನಿಂದ ವಲಸೆ ಬಂದ ಮನೆತನದವರು, ಅಂತ ಪದದ ಅರ್ಥ. ಬಡತನದಿಂದ ಮೇಲೆ ಬಂದು, ನಾಲ್ಕು ಜನರ ಎದುರು ಮರ್ಯಾದಸ್ಥರಾಗಿ ಕಾಣಬೇಕು ಅಂತ ಹಂಬಲಿಸುವ ಮನೆತನ ಅನ್ನುವುದು ಒಳಗಿನ ಅರ್ಥ. ಅದರಲ್ಲಿ ಸ್ವಲ್ಪ ಗೇಲಿ, ಸ್ವಲ್ಪ ಹೊಟ್ಟೆಕಿಚ್ಚು ಎರಡೂ ಇವೆ. ಐರಿಶರ ನಡುವೆಯೇ ಒಂದು ಮಾತಿದೆ: ಯಾರಿಗೂ ಕಾಯಿಲೆ ಇಲ್ಲದಾಗಲೂ ಮನೆಯಲ್ಲಿ ಹಣ್ಣು ಇಟ್ಟುಕೊಂಡವರೇ ಲೇಸ್ ಪರದೆಯವರು. ಮೈ ಹುಷಾರಿಲ್ಲದವರಿಗೆ ಮಾತ್ರ ಹಣ್ಣು ತರುತ್ತಿದ್ದ ಮನೆಗಳು ನಮಗೂ ಗೊತ್ತು, ಅಲ್ವಾ?

ಈ ಪದಕ್ಕೊಂದು ಜೋಡಿ ಪದ ಇದೆ: 'ಶ್ಯಾಂಟಿ ಐರಿಶ್'. ಶ್ಯಾಂಟಿ ಅಂದರೆ ಹಲಗೆ ಹೊಡೆದು ನಿಲ್ಲಿಸಿದ ಗುಡಿಸಲು. ಹಳೆ ಮನೆ ಅನ್ನುವ ಅರ್ಥದ ಐರಿಶ್ ಮಾತಿನಿಂದ ಇದು ಬಂತು ಅಂತ ಕೆಲವರು ಹೇಳುತ್ತಾರೆ. ಕೆನಡಾದ ಫ್ರೆಂಚ್‌ನಿಂದ ಬಂತು ಅಂತ ಇನ್ನು ಕೆಲವರು. ಗುಡಿಸಲುಗಳಂತೂ ನಿಜವಾಗಿಯೂ ಇದ್ದವು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಇಲಿನಾಯ್ ಮತ್ತು ಮಿಷಿಗನ್ ಕಾಲುವೆಯ ಕೆಲಸ 1836ರಲ್ಲಿ ಶುರುವಾಯಿತು. 96 ಮೈಲಿ ಉದ್ದದ ಈ ಕಾಲುವೆಯನ್ನು ಗುದ್ದಲಿ, ಸಲಿಕೆ ಹಿಡಿದು ಅಗೆದವರಲ್ಲಿ ಐರಿಶ್ ಕೂಲಿಗಳೇ ಜಾಸ್ತಿ. 1848ರಲ್ಲಿ ಕೆಲಸ ಮುಗಿಯಿತು. ಕಾಲುವೆಯ ಒಂದು ತುದಿಯಲ್ಲಿದ್ದ ಶಿಕಾಗೋದ ಬ್ರಿಜ್‌ಪೋರ್ಟ್‌ನಲ್ಲಿ ಕೂಲಿಗಳ ಗುಡಿಸಲುಗಳು ಎದ್ದಿದ್ದವು. ಅದೇ ವರ್ಷಗಳಲ್ಲಿ, ಅಂದರೆ 1845ರಿಂದ, ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತುಹೋಗಿ ಭೀಕರ ಬರ ಬಿದ್ದಿತ್ತು. ಸುಮಾರು 10 ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ಊರು ಬಿಟ್ಟು ಹಡಗು ಹತ್ತಿದರು.

ಶ್ಯಾಂಟಿ ಅನ್ನುವ ಹಣೆಪಟ್ಟಿ ಎಷ್ಟು ಕೆಟ್ಟದ್ದು ಅನ್ನುವುದಕ್ಕೆ ಕ್ಯಾಥರೀನ್ ಒಲಿಯರಿಯ ಕತೆ ಸಾಕು. ಹಸು ಸಾಕಿ ಹಾಲು ಮಾರಿ ಬದುಕುತ್ತಿದ್ದ ಐರಿಶ್ ಹೆಂಗಸು ಆಕೆ. 1871ರಲ್ಲಿ ಶಿಕಾಗೋ ಸುಟ್ಟು ಬೂದಿಯಾದಾಗ, ಇವಳ ಹಸು ಲಾಟೀನು ಒದ್ದು ಬೆಂಕಿ ಹತ್ತಿಸಿತು ಅಂತ ಪತ್ರಿಕೆಗಳು ಬರೆದವು. ಬಡವಿ, ಐರಿಶ್, ಕ್ಯಾಥೊಲಿಕ್ ಅಂದಮೇಲೆ ಊರು ನಂಬುವುದಕ್ಕೆ ಇನ್ನೇನು ಬೇಕಿತ್ತು? ಅವಳ ತಪ್ಪಿಲ್ಲ ಅಂತ ಶಿಕಾಗೋ ನಗರಸಭೆ ಹೇಳಿದ್ದು 1997ರಲ್ಲಿ.

ಈಗ ಪರದೆಯ ವಿಷಯಕ್ಕೆ ಬರೋಣ. ಅದು ಮನೆಯೊಳಗೆ ಬಂದ ದಾರಿ ಹೆಂಗಸರ ದುಡಿಮೆಯದು. ಐರ್ಲೆಂಡಿನಿಂದ ಮದುವೆಯಾಗದ ಹುಡುಗಿಯರು ಒಂಟಿಯಾಗಿಯೇ ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಹೋದರು. ಅವರಿಗೆ ಸುಲಭವಾಗಿ ಸಿಗುತ್ತಿದ್ದ ಕೆಲಸ ಉಳ್ಳವರ ಮನೆಚಾಕರಿ. ಬ್ರಿಜೆಟ್ ಅನ್ನುವುದು ಅವರಲ್ಲಿ ತುಂಬಾ ಸಾಮಾನ್ಯವಾದ ಹೆಸರು. ಹಾಗಾಗಿ ಐರಿಶ್ ಕೆಲಸದಾಕೆ ಯಾರೇ ಇರಲಿ, ಅವಳಿಗೆ 'ಬಿಡ್ಡಿ' ಅಂತಲೇ ಹೆಸರು ಬಿತ್ತು. ಊಟ, ವಸತಿ ಯಜಮಾನರ ಮನೆಯಲ್ಲೇ. ಕೈಗೆ ಬಂದ ಸಂಬಳದಲ್ಲಿ ಊರಿಗೆ ದುಡ್ಡು ಹೋಗುತ್ತಿತ್ತು, ತಂಗಿಯ ಹಡಗಿನ ಟಿಕೆಟ್ಟೂ ಹೋಗುತ್ತಿತ್ತು. ಮರ್ಯಾದಸ್ಥರ ಮನೆ ಒಳಗಿನಿಂದ ಹೇಗಿರುತ್ತದೆ ಅಂತ ಅವರು ಹತ್ತಿರದಿಂದ ನೋಡಿದ್ದೂ ಅಲ್ಲೇ. ಪಿಂಗಾಣಿ, ಪಿಯಾನೊ, ಕಿಟಕಿಯ ಲೇಸ್ ಎಲ್ಲದರ ಧೂಳು ಒರೆಸಿದವರು ಅವರೇ ತಾನೇ?

ಲೇಸ್ ಅವರಿಗೆ ಹೊಸದೇನಲ್ಲ ಅನ್ನುವುದು ನನ್ನ ಮನಸ್ಸಿಗೆ ತುಂಬಾ ನಾಟಿದ ಸಂಗತಿ. ಬರದ ಕಾಲದಲ್ಲಿ ಐರ್ಲೆಂಡಿನ ಯೋಲ್, ಕ್ಲೋನ್ಸ್‌ನಂಥ ಊರುಗಳಲ್ಲಿ ಹುಡುಗಿಯರಿಗೆ ಲೇಸ್ ಹೆಣೆಯುವುದನ್ನು ಕಲಿಸಿದ್ದರು. ಹೊಟ್ಟೆಗಿಲ್ಲದವರು ಹೆಣೆದ ಲೇಸ್ ಶ್ರೀಮಂತರ ಉಡುಪು ಸೇರುತ್ತಿತ್ತು. ಅಮೆರಿಕದಲ್ಲಿ ಯಂತ್ರದ ಲೇಸ್ ಅಗ್ಗವಾಗಿ ಸಿಗತೊಡಗಿದಾಗ, ಅಂಥ ಊರುಗಳಿಂದ ಬಂದವರ ಮನೆಗೂ ಒಂದು ಜೊತೆ ಪರದೆ ಬಂತು. ಆದರೆ ತಂದು ಕಟ್ಟಿದರೆ ಮುಗಿಯಲಿಲ್ಲ. ಶಿಕಾಗೋದ ಕಲ್ಲಿದ್ದಲ ಹೊಗೆಗೆ ಬಿಳಿ ಬಟ್ಟೆ ಬೇಗ ಕಪ್ಪಾಗುತ್ತದೆ. ಪರದೆ ಬಿಚ್ಚಿ ಒಗೆಯಬೇಕು, ಗಂಜಿ ಹಾಕಬೇಕು. ಸುತ್ತಲೂ ಸಣ್ಣ ಮೊಳೆಗಳಿರುವ ಮರದ ಚೌಕಟ್ಟಿಗೆ ಅಂಚನ್ನು ಒಂದೊಂದೇ ಕಡೆ ಸಿಕ್ಕಿಸಿ, ಬಿಗಿಯಾಗಿ ಎಳೆದು ಒಣಗಿಸಬೇಕು. ಮೊಳೆ ಚುಚ್ಚಿ ಬೆರಳಲ್ಲಿ ರಕ್ತ ಬಂದರೆ ಅದೇ ಬಿಳಿ ಬಟ್ಟೆಗೆ ಕಲೆ. ನೆರೆಯವರು ಸುಮ್ನೆ ಶೋಕಿ ಅಂದದ್ದು ಇದನ್ನೇ.

ತಾಯಂದಿರು ಮಗಳ ವಿಷಯದಲ್ಲಿ ಒಂದು ಹಟ ಹಿಡಿದಿದ್ದರು: ಇವಳು ಇನ್ನೊಬ್ಬರ ಮನೆಯ ನೆಲ ಒರೆಸಬಾರದು. ಅವರ ಹಟ ಬಹಳ ಮಟ್ಟಿಗೆ ಗೆದ್ದಿತು. 1900ರ ಹೊತ್ತಿಗೆ ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿಯುತ್ತಿದ್ದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆಗೆಲಸದವರು. ಅಮೆರಿಕದಲ್ಲೇ ಹುಟ್ಟಿದ ಅವರ ಹೆಣ್ಣುಮಕ್ಕಳಲ್ಲಿ ಆ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ. ಅವರು ಅಂಗಡಿಗೆ, ಆಫೀಸಿಗೆ ಕೆಲಸಕ್ಕೆ ಹೋದರು, ದೊಡ್ಡ ಸಂಖ್ಯೆಯಲ್ಲಿ ಶಾಲೆಗಳಿಗೆ ಟೀಚರುಗಳಾಗಿಯೂ ಹೋದರು. ಇದರಲ್ಲಿ ಕ್ರೈಸ್ತ ಸನ್ಯಾಸಿನಿಯರ ಪಾಲು ದೊಡ್ಡದು. ಮರ್ಸಿ ಸಂಘದ ಸೋದರಿಯರು 1846ರಲ್ಲೇ ಶಿಕಾಗೋಗೆ ಬಂದು ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು.

ಆ ಪೀಳಿಗೆಯ ಒಬ್ಬರು ಮಾರ್ಗರೆಟ್ ಹೇಲಿ. ಹುಟ್ಟಿದ್ದು 1861ರಲ್ಲಿ, ಅದೇ ಕಾಲುವೆಯ ದಡದ ಜೋಲಿಯೆಟ್ ಊರಿನಲ್ಲಿ, ಐರಿಶ್ ಮೂಲದ ಮನೆಯಲ್ಲಿ. 16ನೇ ವಯಸ್ಸಿಗೇ ಹಳ್ಳಿ ಶಾಲೆಯಲ್ಲಿ ಪಾಠ ಹೇಳತೊಡಗಿದರು. ಆಮೇಲೆ ಶಿಕಾಗೋದ ಕಸಾಯಿಖಾನೆಗಳ ಬಡಾವಣೆಯಲ್ಲಿ ವರ್ಷಗಟ್ಟಲೆ 6ನೇ ತರಗತಿಯ ಟೀಚರ್. ಕಿಕ್ಕಿರಿದ ತರಗತಿ, ಏರದ ಸಂಬಳ. 1897ರಲ್ಲಿ ಅಲ್ಲಿನ ಪ್ರಾಥಮಿಕ ಶಾಲಾ ಶಿಕ್ಷಕಿಯರು ಸಂಘ ಕಟ್ಟಿದಾಗ ಹೇಲಿಯೂ ಸೇರಿಕೊಂಡರು. ಕೊಡುತ್ತೇವೆ ಅಂದಿದ್ದ ಸಂಬಳದ ಏರಿಕೆಯನ್ನು ದುಡ್ಡಿಲ್ಲ ಅಂತ ಶಿಕ್ಷಣ ಮಂಡಳಿ ನಿಲ್ಲಿಸಿಬಿಟ್ಟಿತು. ದುಡ್ಡು ಯಾಕಿಲ್ಲ ಅಂತ ಹೇಲಿ ಮತ್ತು ಅವರ ಗೆಳತಿ ಕ್ಯಾಥರೀನ್ ಗೋಗಿನ್ ತೆರಿಗೆಯ ಕಡತ ಹುಡುಕಿದರು. ಟ್ರಾಮ್, ಗ್ಯಾಸ್, ಟೆಲಿಫೋನ್ ಕಂಪನಿಗಳು ಕಟ್ಟಬೇಕಾದ ತೆರಿಗೆಯನ್ನೇ ಕಟ್ಟಿರಲಿಲ್ಲ! ಕೇಸು ಇಲಿನಾಯ್ ಸುಪ್ರೀಂ ಕೋರ್ಟಿಗೆ ಹೋಗಿ, 1901ರಲ್ಲಿ ಟೀಚರುಗಳು ಗೆದ್ದರು. ಬಂದ ಹಣವನ್ನು ಮಂಡಳಿ ಬೇರೆ ಖರ್ಚಿಗೆ ಹಾಕಿದಾಗ ಮತ್ತೆ ಕೋರ್ಟಿಗೆ ಹೋದರು. 1904ರಲ್ಲಿ ಅದನ್ನೂ ಗೆದ್ದರು. ಇಂಥವರ ಮನೆಯ ಕಿಟಕಿ ನೋಡಿ ನಗಬೇಕೇ? ಈ ಪದದ ಬಗ್ಗೆ ನನ್ನ ತಕರಾರು ಇದೇ.

ಓದುವಾಗ ಈ ಮಾತನ್ನು ಯಾರು ಆಡುತ್ತಿದ್ದಾರೆ ಅಂತ ಗಮನಿಸಿ. ಹೊರಗಿನವರ ಬಾಯಲ್ಲಿ ಅದು, ಎಷ್ಟು ಮೇಲೆ ಬಂದರೂ ನೀವು ಐರಿಶರೇ ಅನ್ನುವ ಕುಹಕ. ಐರಿಶರೇ ನೆರೆಮನೆಯವರಿಗೆ ಅಂದರೆ, ನಮ್ಮನ್ನು ಮರೆತುಬಿಟ್ಟಿರಾ ಅನ್ನುವ ನೋವೂ ಅದರಲ್ಲಿರಬಹುದು. ಕನ್ನಡಕ್ಕೆ ತರುವಾಗ 'ಹೊಸ ಶ್ರೀಮಂತರು' ಅನ್ನಬೇಡಿ, ಅವರಲ್ಲಿ ಬಹುಪಾಲು ಜನ ಶ್ರೀಮಂತರೇ ಅಲ್ಲ. 'ಶೋಕಿಯವರು' ಅಂದರೆ ದುಡಿಮೆ ಮರೆಯಾಗುತ್ತದೆ. 'ಲೇಸ್ ಪರದೆಯವರು' ಅಂತಲೇ ಇಟ್ಟು, ಎದುರಿಗೆ 'ಗುಡಿಸಲಿನವರು' ಅಂತ ಬರೆದರೆ ಸಾಕು.