ಸಿಗಲಿಲ್ಲ ಅಂದರೆ ಅಲ್ಲಿಲ್ಲ ಅಂತಲೇ?

ಸಮುದ್ರದ ತಳದ ಸರ್ವೆ ಮಾಡುವುದು ನನ್ನ ಕೆಲಸ. ದನಿ ಕಳಿಸಿ, ಮರುದನಿಯಿಂದ ತಳದ ಚಿತ್ರ ಕೊಡುವ ಸೋನಾರ್ ಅನ್ನುವ ಯಂತ್ರವನ್ನು ಹಡಗಿನ ಹಿಂದೆ ಎಳೆದುಕೊಂಡು ಹೋಗುತ್ತೇವೆ, ಅದು ಕಳಿಸುವ ಚಿತ್ರವನ್ನು ಗಂಟೆಗಟ್ಟಲೆ ನೋಡುತ್ತಾ ಕೂರುತ್ತೇವೆ. ಇದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ: "ಅಷ್ಟು ದೊಡ್ಡ ಮಲೇಷ್ಯಾ ವಿಮಾನ ಹೇಗೆ ಸರ್ ಸಿಗದೇ ಹೋಯಿತು?"

ಮಲ್ಪೆಯ ಸುವರ್ಣ ತ್ರಿಭುಜ ಬೋಟು ನಿಮಗೆ ನೆನಪಿರಬಹುದು. 2018ರ ಡಿಸೆಂಬರ್‌ನಲ್ಲಿ ಏಳು ಮೀನುಗಾರರ ಜೊತೆ ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣದ ಆಚೆ, ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ. ನಮ್ಮದೇ ಕರಾವಳಿ, ನಮ್ಮ ಬೋಟುಗಳು ದಿನಾ ಓಡಾಡುವ ನೀರು, ಹುಡುಕಲು ನೌಕಾಪಡೆಯ ಹಡಗು. ಆದರೂ ನಾಲ್ಕೂವರೆ ತಿಂಗಳು ಬೇಕಾಯಿತು. ಆ 60 ಮೀಟರ್ ಜಾಗದಲ್ಲಿ, ಮಲೇಷ್ಯಾ ವಿಮಾನ ಹುಡುಕಿದ ಕಡೆಯ 4,000 ಮೀಟರ್ ಆಳ ಇಟ್ಟು ನೋಡಿ.

ಆ ಮಲೇಷ್ಯಾ ವಿಮಾನ, ಎಂಎಚ್370, ಹೊರಟಿದ್ದು 2014ರ ಮಾರ್ಚ್ 8ರ ನಡುರಾತ್ರಿ, ಕೌಲಾಲಂಪುರದಿಂದ ಬೀಜಿಂಗ್‌ಗೆ. ಒಳಗೆ 239 ಜನ, ಅವರಲ್ಲಿ ಐವರು ಭಾರತೀಯರು. 2 ಗಂಟೆ 22 ನಿಮಿಷಕ್ಕೆ ಅಂಡಮಾನ್ ಸಮುದ್ರದ ಮೇಲೆ ಮಿಲಿಟರಿ ರೇಡಾರ್‌ನಿಂದಲೂ ಮರೆಯಾಯಿತು. ಆಮೇಲೆ ಉಳಿದದ್ದು ಇನ್‌ಮಾರ್‌ಸ್ಯಾಟ್ ಉಪಗ್ರಹದ ಮೂಲಕ ನಡೆದ ಸಣ್ಣ ಮಾತುಕತೆ ಮಾತ್ರ. ಹೆಚ್ಚುಕಡಿಮೆ ಗಂಟೆಗೊಮ್ಮೆ ನೆಲದ ಕೇಂದ್ರದಿಂದ "ಇದ್ದೀಯಾ?" ಅಂತ ಪ್ರಶ್ನೆ, ವಿಮಾನದ ಯಂತ್ರದಿಂದ "ಇದ್ದೇನೆ" ಅಂತ ಉತ್ತರ. ಕೊನೆಯ ಸಂಕೇತ ಬಂದದ್ದು ಬೆಳಿಗ್ಗೆ 8 ಗಂಟೆ 19 ನಿಮಿಷಕ್ಕೆ.

ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ದೂರ ತಿಳಿಯುತ್ತದೆ, ಜಾಗ ತಿಳಿಯುವುದಿಲ್ಲ. ಗೂಟಕ್ಕೆ ಕಟ್ಟಿದ ದನದ ಹಗ್ಗ ಎಷ್ಟುದ್ದ ಅಂತ ಗೊತ್ತು, ಹಗ್ಗ ಬಿಗಿಯಾಗಿದೆ ಅಂತಲೂ ಗೊತ್ತು. ಆದರೆ ದನ ಯಾವ ಕಡೆ ನಿಂತಿದೆ? ಸಂಕೇತದ ತರಂಗಾಂತರದಲ್ಲಿ ಆದ ಸಣ್ಣ ವ್ಯತ್ಯಾಸ ನೋಡಿ, ವಿಮಾನ ದಕ್ಷಿಣಕ್ಕೆ ಹೋಗಿದೆ ಅಂತ ಕಂಡುಕೊಂಡರು. ಹಾಗೆ ಸಿಕ್ಕಿದ್ದು ಹಿಂದೂ ಮಹಾಸಾಗರದಲ್ಲಿ ಸಾವಿರಾರು ಕಿಲೋಮೀಟರ್ ಉದ್ದದ ಒಂದು ಕಮಾನು.

2009ರ ಜೂನ್‌ನಲ್ಲಿ ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447ರ ಕೊನೆಯ ಸ್ಥಾನ ಗೊತ್ತಿತ್ತು. ಕೆಲವೇ ದಿನಗಳಲ್ಲಿ ತೇಲುವ ತುಂಡುಗಳೂ ಸಿಕ್ಕಿದ್ದವು. ಅವಶೇಷ ಇದ್ದದ್ದು ಆ ಸ್ಥಾನದಿಂದ ಬರೀ 12 ಕಿಲೋಮೀಟರ್ ಆಚೆ. ಅದನ್ನು ಹುಡುಕಲೂ ಸುಮಾರು ಎರಡು ವರ್ಷ ಬೇಕಾಯಿತು. ಎಂಎಚ್370ರ ಮೊದಲ ತುಂಡು, ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಫ್ಲಾಪರಾನ್ ಅನ್ನುವ ಭಾಗ, ಸಿಕ್ಕಿದ್ದು 2015ರ ಜುಲೈನಲ್ಲಿ ಆಫ್ರಿಕಾದ ಕಡೆಯ ರಿಯೂನಿಯನ್ ದ್ವೀಪದಲ್ಲಿ. ಅಷ್ಟರಲ್ಲಿ ಅದು ಹದಿನಾರು ತಿಂಗಳು ತೇಲಿತ್ತು. ನೀರಿನೊಳಗಿಂದ ದನಿ ಕಳಿಸುತ್ತಾ ಜಾಗ ತಿಳಿಸುವ, ಬ್ಲ್ಯಾಕ್ ಬಾಕ್ಸ್‌ನ ಪಿಂಗರ್‌ಗೆ ಬ್ಯಾಟರಿ ಇದ್ದದ್ದು 30 ದಿನಕ್ಕೆ. ಅದು ಯಾವತ್ತೋ ಸುಮ್ಮನಾಗಿತ್ತು.

ಇನ್ನು ತಳದ ಹುಡುಕಾಟ. ಆ ಭಾಗದ ತಳದ ಸರಿಯಾದ ನಕ್ಷೆಯೇ ಇರಲಿಲ್ಲ. ಮೊದಲು ನಕ್ಷೆ ಮಾಡಿದರು. ಜ್ವಾಲಾಮುಖಿ, ಕಣಿವೆ, ಕಡಿದಾದ ಬೆಟ್ಟಸಾಲು ಎಲ್ಲ ಅಲ್ಲಿತ್ತು. ಆಮೇಲೆ ಸೋನಾರ್ ಇಳಿಸಿದರು. ಕೇಬಲ್ ಉದ್ದ ಹತ್ತು ಕಿಲೋಮೀಟರ್‌ವರೆಗೆ, ಹಡಗಿನ ವೇಗ ನಾವು ನಡೆಯುವಷ್ಟು. ಉಳುಮೆಯ ಸಾಲಿನ ಹಾಗೆ ಹೋಗುವುದು, ತಿರುಗುವುದು, ಪಕ್ಕದ ಸಾಲು ಹಿಡಿಯುವುದು. ಬಾಲದಲ್ಲಿ ಅಷ್ಟುದ್ದ ಕೇಬಲ್ ಇರುವಾಗ ಒಂದು ತಿರುವಿಗೇ ಗಂಟೆಗಟ್ಟಲೆ ಹೋಗುತ್ತದೆ. ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಿಂದ ಅಲ್ಲಿಗೆ ಹೋಗಲಿಕ್ಕೇ ಐದಾರು ದಿನ. ಚಳಿಗಾಲದ ಅಲೆಗಳಲ್ಲಿ ಅಲ್ಲಿ ಕೆಲಸ ಮಾಡಿದ ನಾವಿಕರ ಬಗ್ಗೆ ನನಗೆ ತುಂಬಾ ಗೌರವವಿದೆ.

ಜನಕ್ಕೆ ನಾನು ಹೇಳಬೇಕಾದ ಮುಖ್ಯ ಮಾತು ಬೇರೆ ಇದೆ. ಸೋನಾರ್ ಕ್ಯಾಮೆರಾ ಅಲ್ಲ. ಅದು ಕೂಗಿ, ಮರುದನಿ ಕೇಳುತ್ತದೆ. ಬಂಡೆಯ ಆಚೆ ಬದಿಗೆ ದನಿ ತಲುಪುವುದಿಲ್ಲ, ಅಲ್ಲಿ ಚಿತ್ರದಲ್ಲಿ ಕಪ್ಪು ನೆರಳು ಬೀಳುತ್ತದೆ. ಒಮ್ಮೆ ಬಂದರೊಂದರ ಹೊರಗೆ, ಬರೀ 20 ಮೀಟರ್ ಆಳದಲ್ಲಿ, ನಾವು ಕಳೆದುಹೋದ ಲಂಗರು ಹುಡುಕುತ್ತಿದ್ದೆವು. ಮೊದಲ ದಿನವೇ ಅದರ ಪಕ್ಕ ಹಾದುಹೋಗಿದ್ದೆವು. ನಾನು ಅದನ್ನು ಕಲ್ಲು ಅಂತ ಗುರುತು ಹಾಕಿದ್ದೆ. ಮೂರನೇ ದಿನ ಅಡ್ಡ ದಿಕ್ಕಿನಿಂದ ಒಂದು ಸಾಲು ಓಡಿಸಿದಾಗ ಅದರ ಕೊಕ್ಕೆ ಎದ್ದು ಕಂಡಿತು. ವೇಗವಾಗಿ ನೀರಿಗೆ ಬಿದ್ದ ವಿಮಾನವೂ ವಿಮಾನದ ಆಕಾರದಲ್ಲಿ ಉಳಿದಿರುವುದಿಲ್ಲ. ಮೆತ್ತನೆ ಕೆಸರಿನ ಮೇಲೆ ಅದರ ತುಂಡುಗಳು ಹೊಳೆಯುವ ಚುಕ್ಕೆಗಳಾಗಿ ಕಾಣುತ್ತವೆ. ಕಲ್ಲುಗಳ ನಡುವೆ ಅವೂ ಕಲ್ಲುಗಳೇ.

ಹುಡುಕಿದವರು ಅಸಡ್ಡೆ ಮಾಡಿದರು ಅಂತ ನಾನು ಒಪ್ಪುವುದಿಲ್ಲ. 19ನೇ ಶತಮಾನದ ಎರಡು ಹಡಗುಗಳ ಅವಶೇಷಗಳನ್ನು ಅದೇ ತಳದಲ್ಲಿ ಅವರು ಪತ್ತೆ ಮಾಡಿದ್ದರು. 2017ರ ಜನವರಿಯಲ್ಲಿ ಕೆಲಸ ನಿಲ್ಲಿಸುವಾಗ 1,20,000 ಚದರ ಕಿಲೋಮೀಟರ್ ಮುಗಿದಿತ್ತು. 2018ರಲ್ಲಿ ಓಷನ್ ಇನ್ಫಿನಿಟಿ ಕಂಪನಿ, ತಾನೇ ಈಜಿಕೊಂಡು ಹೋಗುವ ಯಂತ್ರಗಳಿಂದ, ಇನ್ನೂ 1,12,000 ಚದರ ಕಿಲೋಮೀಟರ್ ನೋಡಿತು. ಎರಡೂ ಸೇರಿದರೆ ಇಡೀ ಕರ್ನಾಟಕಕ್ಕಿಂತ ಜಾಸ್ತಿ. 2025ರಲ್ಲಿ ಹೊಸದಾಗಿ 15,000 ಚದರ ಕಿಲೋಮೀಟರ್‌ಗೆ ಒಪ್ಪಂದವಾಯಿತು. ವಿಮಾನ ಸಿಕ್ಕರೆ 7 ಕೋಟಿ ಡಾಲರ್, ಸಿಗದಿದ್ದರೆ ಏನೂ ಇಲ್ಲ. ಹವಾಮಾನ ಸರಿಯಿಲ್ಲ ಅಂತ ಆ ಏಪ್ರಿಲ್‌ನಲ್ಲಿ ಅದನ್ನೂ ಕೆಲಕಾಲ ತಡೆಹಿಡಿದರು.

ಹೊಸ ಜಾಗ ನೋಡಲಿ, ಬೇಡ ಅನ್ನುವುದಿಲ್ಲ. ಆದರೆ ನೋಡಿ ಮುಗಿಸಿದ ಜಾಗದ ಇಳಿಜಾರುಗಳನ್ನೂ ಮತ್ತೊಮ್ಮೆ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ಹುಡುಕಾಟದ ಸೋನಾರ್ ಡೇಟಾವನ್ನು ಆಸ್ಟ್ರೇಲಿಯಾ ಎಲ್ಲರಿಗೂ ಬಿಟ್ಟುಕೊಟ್ಟಿದೆ. ಬಿಡುವಾದಾಗ ನಾನು ಅದನ್ನು ತೆರೆದು ಕೂರುತ್ತೇನೆ. ಬೆಟ್ಟಸಾಲಿನ ಬುಡದಲ್ಲಿ ಕಪ್ಪು ನೆರಳು ಕಂಡಾಗೆಲ್ಲ, ಇಲ್ಲಿ ಅಡ್ಡ ದಿಕ್ಕಿನಿಂದ ಇನ್ನೊಂದು ಸಾಲು ಓಡಿಸಬೇಕಿತ್ತು ಅನಿಸುತ್ತದೆ.