ಪದ ಪರಿಚಯ: ಜನಸಂಖ್ಯಾ ವಿನಿಮಯ

ಎರಡು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿ, ತಮ್ಮ ಗಡಿಯೊಳಗಿರುವ ಒಂದೊಂದು ಸಮುದಾಯವನ್ನು ಗಡಿಯಾಚೆಗೆ ಕಳುಹಿಸಿ, ಹಾಗೆ ಹೋದವರ ಪೌರತ್ವವನ್ನೂ ಸ್ಥಿರಾಸ್ತಿಯ ಹಕ್ಕನ್ನೂ ಕಾನೂನಿನ ಮೂಲಕವೇ ಬದಲಾಯಿಸುವ ಕ್ರಮವನ್ನು ಜನಸಂಖ್ಯಾ ವಿನಿಮಯ ಎನ್ನುತ್ತಾರೆ. ಬರಗಾಲದಲ್ಲಿ ಗುಳೆ ಹೋಗುವುದು, ಕೂಲಿಗಾಗಿ ಘಟ್ಟ ಹತ್ತುವುದು, ದಂಡು ಬಂತೆಂದು ಊರು ಬಿಟ್ಟು ಓಡುವುದು ಇವೆಲ್ಲ ವಲಸೆಯ ಬೇರೆ ಬೇರೆ ಬಗೆಗಳು. ಅವು ಎಷ್ಟೇ ದೊಡ್ಡ ಪ್ರಮಾಣದಲ್ಲಿ ನಡೆದರೂ ವಿನಿಮಯವಾಗುವುದಿಲ್ಲ.

ಹಾಸನ ಜಿಲ್ಲೆಯಲ್ಲಿ ಸರ್ಕಾರವೇ ಊರು ಬಿಡಿಸಿತೆಂದರೆ ಮೊದಲು ನೆನಪಾಗುವುದು ಹೇಮಾವತಿ ಮುಳುಗಡೆ. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಾಗ ಹಿನ್ನೀರಿಗೆ ಹೊಲ, ಮನೆ, ದೇವಸ್ಥಾನಗಳು ಸೇರಿಹೋದವು. ಶೆಟ್ಟಿಹಳ್ಳಿಯ ಚರ್ಚು ಇಂದಿಗೂ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ಆದರೆ ಮುಳುಗಡೆ ಸಂತ್ರಸ್ತರ ಊರು ಬದಲಾಯಿತೇ ಹೊರತು ದೇಶವಾಗಲಿ ಪೌರತ್ವವಾಗಲಿ ಬದಲಾಗಲಿಲ್ಲ, ಮತ್ತು ಅವರು ಬಿಟ್ಟ ಜಾಗಕ್ಕೆ ನೀರು ಬಂತೇ ಹೊರತು ಬೇರೆ ಜನ ಬರಲಿಲ್ಲ. ಜನಸಂಖ್ಯಾ ವಿನಿಮಯದಲ್ಲಿ ಬರುತ್ತಾರೆ. ಹೋದವರ ಮನೆಗೆ ಬೇರೊಂದು ದೇಶದಿಂದ ಹಾಗೆಯೇ ಹೊರಡಿಸಲ್ಪಟ್ಟವರು ಬಂದು ಸೇರುವುದರಿಂದ, ಒಂದು ಊರಿನ ಒಟ್ಟು ಜನಸಂಖ್ಯೆ ಕುಗ್ಗದೆಯೇ, ಕೆಲವೊಮ್ಮೆ ಹೆಚ್ಚಾಗಿಯೂ, ಊರಿನ ಜನ ಬೇರೆಯೇ ಆಗಿಬಿಡಬಹುದು. ಈ ಪರಿಕಲ್ಪನೆಯನ್ನು ಓದುವವರು ಗಮನಿಸಬೇಕಾದದ್ದು ಇದನ್ನೇ. ಜನಗಣತಿಯ ಮೊತ್ತವನ್ನಷ್ಟೇ ನೋಡಿದರೆ ಏನೂ ತಿಳಿಯುವುದಿಲ್ಲ.

ಇದರ ಪ್ರಸಿದ್ಧ ನಿದರ್ಶನ ಗ್ರೀಸ್ ಮತ್ತು ಟರ್ಕಿಗಳು 1923ರ ಜನವರಿ 30ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಮಾಡಿಕೊಂಡ ಒಪ್ಪಂದ. ಅದಕ್ಕೂ ಮೊದಲು, 1919ರಲ್ಲಿ, ಗ್ರೀಸ್ ಮತ್ತು ಬಲ್ಗೇರಿಯಾಗಳ ನಡುವೆ ಇಂಥದೇ ಒಪ್ಪಂದವಾಗಿತ್ತು, ಆದರೆ ಅದು ಕನಿಷ್ಠ ಕಾಗದದ ಮೇಲೆ ಸ್ವಯಂಪ್ರೇರಿತವಾಗಿತ್ತು. ಲೊಸಾನ್ ಒಪ್ಪಂದದಲ್ಲಿ ಆಯ್ಕೆಯೇ ಇರಲಿಲ್ಲ. ಇಸ್ತಾಂಬುಲ್ಲಿನ ಗ್ರೀಕರನ್ನೂ ಗ್ರೀಸಿನ ಪಶ್ಚಿಮ ಥ್ರೇಸ್ ಪ್ರದೇಶದ ಮುಸ್ಲಿಮರನ್ನೂ ಬಿಟ್ಟರೆ, ಟರ್ಕಿಯ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ, ಗ್ರೀಸಿನ ಮುಸ್ಲಿಮರು ಟರ್ಕಿಗೆ ಹೋಗಲೇಬೇಕಿತ್ತು. ಹೋದವರು ಸರ್ಕಾರದ ಅನುಮತಿಯಿಲ್ಲದೆ ಮರಳಿ ಬಂದು ನೆಲೆಸುವಂತಿರಲಿಲ್ಲ. ಸುಮಾರು 12 ಲಕ್ಷ ಕ್ರೈಸ್ತರೂ ಮೂರೂವರೆಯಿಂದ ನಾಲ್ಕು ಲಕ್ಷದಷ್ಟು ಮುಸ್ಲಿಮರೂ ಈ ವ್ಯವಸ್ಥೆಗೆ ಒಳಪಟ್ಟರು.

ಯಾರು ಯಾವ ಕಡೆಯವರೆಂಬುದನ್ನು ನಿರ್ಧರಿಸಿದ್ದು ಭಾಷೆಯಲ್ಲ, ಧರ್ಮ. ಟರ್ಕಿಯ ಏಷ್ಯಾ ಭಾಗವಾದ ಅನಟೋಲಿಯಾದ ಒಳನಾಡಿನ ಕರಮಾನ್ಲಿ ಕ್ರೈಸ್ತರ ಮನೆಮಾತು ಟರ್ಕಿಷ್ ಆಗಿತ್ತು, ಆದರೂ ಅವರನ್ನು ಗ್ರೀಕರೆಂದು ಗ್ರೀಸಿಗೆ ಕಳುಹಿಸಲಾಯಿತು. ಕ್ರೀಟ್ ದ್ವೀಪದ ಮುಸ್ಲಿಮರಲ್ಲಿ ಬಹಳ ಜನ ಗ್ರೀಕ್ ಮಾತನಾಡುತ್ತಿದ್ದರು, ಅವರು ತುರ್ಕರಾಗಿ ಟರ್ಕಿಗೆ ಹೋದರು. ಎರಡೂ ಕಡೆಯವರು ಇಳಿದ ನೆಲದಲ್ಲಿ ಭಾಷೆ ಬಾರದ ಪರಕೀಯರೆನಿಸಿಕೊಂಡರು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಒಪ್ಪಂದವಾಗುವ ಹೊತ್ತಿಗೆ ಟರ್ಕಿಯ ಕ್ರೈಸ್ತರಲ್ಲಿ ಬಹುಪಾಲು ಜನ ಆಗಲೇ ಓಡಿಬಂದಿದ್ದರು. 1922ರ ಸೆಪ್ಟೆಂಬರಿನಲ್ಲಿ ಟರ್ಕಿಯ ವಿರುದ್ಧದ ಯುದ್ಧದಲ್ಲಿ ಗ್ರೀಕ್ ಸೇನೆ ಸೋತು, ಸ್ಮಿರ್ನಾ, ಅಂದರೆ ಇಂದಿನ ಇಜ್ಮಿರ್ ಬಂದರು ಹೊತ್ತಿ ಉರಿದಾಗಲೇ ಲಕ್ಷಾಂತರ ಜನ ಹಡಗು ಹತ್ತಿದ್ದರು. ಒಪ್ಪಂದವು 1912ರ ಅಕ್ಟೋಬರ್ 18ರ ನಂತರ ಊರು ಬಿಟ್ಟವರೆಲ್ಲರಿಗೂ ಹಿಂದಿನಿಂದ ಅನ್ವಯಿಸುವಂತೆ ಬರೆಯಲ್ಪಟ್ಟಿತ್ತು. ಹೀಗಾಗಿ ಕ್ರೈಸ್ತರ ಪಾಲಿಗೆ ಅದು ಹೊರಡಿಸುವ ಆಜ್ಞೆ ಎನ್ನುವುದಕ್ಕಿಂತ, ಮರಳಿ ಹೋಗುವ ದಾರಿಯನ್ನು ಮುಚ್ಚಿದ ಆಜ್ಞೆ ಎಂದರೆ ಹೆಚ್ಚು ಸರಿ. ಮುಸ್ಲಿಮರಲ್ಲಿ ಹೆಚ್ಚಿನವರು ಮಾತ್ರ ಒಪ್ಪಂದದ ನಂತರವೇ, ಅದರ ಪ್ರಕಾರವೇ ಹೊರಟರು.

ಈ ಎಲ್ಲವೂ ಒಂದೇ ಊರಿನಲ್ಲಿ ಕಾಣಸಿಗುವುದು ಉತ್ತರ ಗ್ರೀಸಿನ ಬಂದರು ನಗರ ಥೆಸಲೊನೀಕಿಯಲ್ಲಿ. ಹಿಂದೆ ಸಲೋನಿಕಾ ಎಂದು ಹೆಸರಾಗಿದ್ದ ಈ ನಗರವನ್ನು ಒಟ್ಟೊಮನ್ ತುರ್ಕರು 1430ರಲ್ಲಿ ಗೆದ್ದುಕೊಂಡರು. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಗಟ್ಟಿದಾಗ ಅವರಲ್ಲಿ ಸಾವಿರಾರು ಜನ ಇಲ್ಲಿಗೆ ಬಂದು ನೆಲೆಸಿದರು, ಮತ್ತು ನಾಲ್ಕು ಶತಮಾನಗಳ ಕಾಲ ಹಳೆಯ ಸ್ಪ್ಯಾನಿಷ್‌ನಿಂದ ಬಂದ ಲಾದಿನೊ ಭಾಷೆಯನ್ನೇ ಮನೆಯಲ್ಲೂ ಬಜಾರಿನಲ್ಲೂ ಆಡುತ್ತಿದ್ದರು. ಬಂದರಿನ ಹಮಾಲರಲ್ಲಿ ಬಹುಪಾಲು ಅವರೇ ಆಗಿದ್ದುದರಿಂದ ಅವರ ಸಬ್ಬತ್ ದಿನವಾದ ಶನಿವಾರ ಬಂದರಿಗೂ ರಜೆ.

ಬಾಲ್ಕನ್ ದೇಶಗಳು ಒಟ್ಟೊಮನ್ನರ ವಿರುದ್ಧ ಹೂಡಿದ ಮೊದಲನೆಯ ಬಾಲ್ಕನ್ ಯುದ್ಧದಲ್ಲಿ, 1912ರ ನವೆಂಬರಿನಲ್ಲಿ, ಗ್ರೀಕ್ ಸೇನೆ ನಗರವನ್ನು ಪ್ರವೇಶಿಸಿತು. ಮರುವರ್ಷ ಹೊಸ ಸರ್ಕಾರ ಎಣಿಸಿದಾಗ ನಗರದಲ್ಲಿದ್ದವರು 1,57,889 ಜನ. ಅವರಲ್ಲಿ ಯಹೂದಿಗಳು 61,439, ತುರ್ಕರು 45,867, ಗ್ರೀಕರು 39,956, ಬಲ್ಗೇರಿಯನ್ನರು 6,263, ಉಳಿದವರು 4,364. ಗೆದ್ದ ದೇಶದ ಜನ ತಾವು ಗೆದ್ದ ನಗರದಲ್ಲಿ ಕಾಲುಭಾಗ ಮಾತ್ರ ಇದ್ದರು. ಮೊತ್ತವನ್ನು ಬಿಟ್ಟು ಒಂದೊಂದೇ ಸಾಲನ್ನು ಓದಿದರೆ ಮುಂದಿನ ಮೂವತ್ತು ವರ್ಷಗಳಲ್ಲಿ ಯಾವ ಸಾಲಿಗೆ ಏನಾಯಿತೆಂದು ಹಿಂಬಾಲಿಸಬಹುದು.

ಮೊದಲ ಪೆಟ್ಟು ಬೆಂಕಿಯದು. ಮೊದಲ ಮಹಾಯುದ್ಧದ ಸೈನ್ಯಗಳು ನಗರದಲ್ಲಿ ಬೀಡುಬಿಟ್ಟಿದ್ದಾಗಲೇ, 1917ರ ಆಗಸ್ಟಿನಲ್ಲಿ, ಒಂದು ಮನೆಯಲ್ಲಿ ಹತ್ತಿದ ಬೆಂಕಿ ಹಬ್ಬಿ ಸುಮಾರು 9,500 ಕಟ್ಟಡಗಳು ಸುಟ್ಟವು. ಸುಮಾರು 72,000 ಜನ ಮನೆ ಕಳೆದುಕೊಂಡರು, ಅವರಲ್ಲಿ ಹೆಚ್ಚಿನವರು ಯಹೂದಿಗಳು. ಬೆಂಕಿ ಮುಟ್ಟದೆ ಉಳಿದದ್ದು ಬೆಟ್ಟದ ಇಳಿಜಾರಿನ ಮೇಲಿನ ಪೇಟೆ, ಅಂದರೆ ಮುಸ್ಲಿಮರ ಕೇರಿಗಳು. ಆರು ವರ್ಷಗಳ ನಂತರ ಆ ಕೇರಿಗಳ ಮುಸ್ಲಿಮರು ಒಪ್ಪಂದದ ಪ್ರಕಾರ ಹೊರಟರು, ಖಾಲಿಯಾದ ಮನೆಗಳಿಗೆ ಅನಟೋಲಿಯಾದ ನಿರಾಶ್ರಿತರು ಸೇರಿಕೊಂಡರು. ನಗರದ ಮಿನಾರುಗಳನ್ನು ಕೆಡವಲಾಯಿತು. ರೋಮನ್ನರ ಕಾಲದ ರೊಟುಂಡಾ ಎಂಬ ದುಂಡನೆಯ ಕಟ್ಟಡದ ಪಕ್ಕದ ಒಂದು ಮಿನಾರು ಮಾತ್ರ ಇಂದಿಗೂ ಇದೆ.

ಹೊರಟವರಲ್ಲಿ ದೊನ್ಮೆ ಎಂಬ ಸಣ್ಣ ಪಂಗಡವೂ ಇತ್ತು. ಇವರು 17ನೆಯ ಶತಮಾನದಲ್ಲಿ ಇಸ್ಲಾಮಿಗೆ ಸೇರಿದ ಯಹೂದಿಗಳ ವಂಶದವರು. ಕಡತದಲ್ಲಿ ಮುಸ್ಲಿಮರೆಂದು ಇದ್ದುದರಿಂದ ಇವರೂ ಟರ್ಕಿಗೆ ಹೋಗಬೇಕಾಯಿತು. 1902ರಲ್ಲಿ ಇವರಿಗಾಗಿ ಕಟ್ಟಿದ ಹೊಸ ಮಸೀದಿಯನ್ನು 1925ರಲ್ಲಿ ಪುರಾತತ್ವ ವಸ್ತುಸಂಗ್ರಹಾಲಯವಾಗಿ ಮಾಡಲಾಯಿತು.

1928ರ ಗಣತಿಯಲ್ಲಿ ನಗರದ ಜನಸಂಖ್ಯೆ 2,30,000ವನ್ನು ಮೀರಿತ್ತು, ಮತ್ತು ಅದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ನಿರಾಶ್ರಿತರಾಗಿ ಬಂದವರು. ಮೊತ್ತ ಬೆಳೆದಿದೆ, ತುರ್ಕರ ಸಾಲು ಹೆಚ್ಚುಕಡಿಮೆ ಅಳಿಸಿಹೋಗಿದೆ, ಗ್ರೀಕರು ಬಹುಸಂಖ್ಯಾತರಾಗಿದ್ದಾರೆ. 1924ರಲ್ಲಿ ಕಾನೂನು ತಂದು ಭಾನುವಾರವನ್ನೇ ಕಡ್ಡಾಯ ರಜೆ ಮಾಡಲಾಗಿತ್ತು. ಶನಿವಾರ ಅಂಗಡಿ ಮುಚ್ಚುತ್ತಿದ್ದ ಯಹೂದಿ ವ್ಯಾಪಾರಿಗೆ ವಾರದಲ್ಲಿ ಎರಡು ದಿನದ ವಹಿವಾಟು ತಪ್ಪಿತು. ಬಂದವರು ತಮ್ಮ ಊರಿನ ನೆನಪನ್ನು ಹೊಸ ಸಂಸ್ಥೆಗಳಲ್ಲಿ ಇಟ್ಟುಕೊಂಡರು. 1926ರಲ್ಲಿ ಶುರುವಾದ ಪಾವೊಕ್ ಎಂಬ ಫುಟ್ಬಾಲ್ ಕ್ಲಬ್ಬಿನ ಹೆಸರಿನ ಕೊನೆಯ ಅಕ್ಷರ ಅದು ಇಸ್ತಾಂಬುಲ್, ಅಂದರೆ ಅಂದಿನ ಕಾನ್‌ಸ್ಟಾಂಟಿನೋಪಲ್ ನಗರದವರದೆಂಬುದನ್ನು ಹೇಳುತ್ತದೆ, ಅದರ ಲಾಂಛನದಲ್ಲಿ ಆ ನಗರವೇ ರಾಜಧಾನಿಯಾಗಿದ್ದ ಹಳೆಯ ಬೈಜಾಂಟಿಯಮ್ ಸಾಮ್ರಾಜ್ಯದ ಎರಡು ತಲೆಯ ಹದ್ದಿದೆ.

ಆಸ್ತಿಯ ವಿಚಾರ ಮಾತ್ರ ಎಲ್ಲ ಕಡೆ ಆಗುವಂತೆ ಇಲ್ಲಿಯೂ ಎಳೆದಾಡಿತು. ಬಿಟ್ಟುಹೋದ ಹೊಲ, ಮನೆ, ಅಂಗಡಿಗಳಿಗೆ ಬೆಲೆ ಕಟ್ಟಿ ಪರಿಹಾರ ಕೊಡಲಾಗುವುದೆಂದು ಒಪ್ಪಂದ ಹೇಳಿತ್ತು, ಅದಕ್ಕೊಂದು ಮಿಶ್ರ ಆಯೋಗವೂ ಇತ್ತು. ವರ್ಷಗಳ ಜಗ್ಗಾಟದ ನಂತರ, 1930ರ ಅಂಕಾರಾ ಒಪ್ಪಂದದಲ್ಲಿ, ಎರಡೂ ಸರ್ಕಾರಗಳು ಒಬ್ಬರ ಲೆಕ್ಕಕ್ಕೆ ಇನ್ನೊಬ್ಬರ ಲೆಕ್ಕವನ್ನು ವಜಾ ಹಾಕಿಕೊಂಡು ಕಡತ ಮುಚ್ಚಿದವು. ಬಿಟ್ಟ ಆಸ್ತಿಗೆ ಸಮನಾದದ್ದು ಸಿಗುತ್ತದೆಂದು ಕಾದಿದ್ದ ಕುಟುಂಬಗಳಿಗೆ ಆ ಲೆಕ್ಕದಲ್ಲಿ ಪಾಲಿರಲಿಲ್ಲ.

ಯಹೂದಿಗಳ ಸಾಲಿಗೆ ಆದದ್ದನ್ನು ವಿನಿಮಯವೆಂದು ಕರೆಯಬಾರದು. 1941ರ ಏಪ್ರಿಲಿನಲ್ಲಿ ಜರ್ಮನ್ ಸೇನೆ ನಗರವನ್ನು ಹಿಡಿಯಿತು. 1942ರ ಡಿಸೆಂಬರಿನಲ್ಲಿ ಅವರ ಪುರಾತನ ಸ್ಮಶಾನವನ್ನು ನಾಶಮಾಡಲಾಯಿತು. ಇಂದು ಆ ಜಾಗದಲ್ಲಿ ಅರಿಸ್ಟಾಟಲ್ ವಿಶ್ವವಿದ್ಯಾಲಯವಿದೆ. 1943ರ ಮಾರ್ಚ್ 15ರಂದು ಮೊದಲ ರೈಲು ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಸ್‌ಗೆ ಹೊರಟಿತು, ಆಗಸ್ಟಿನೊಳಗೆ ಸುಮಾರು 46,000 ಜನರನ್ನು ಸಾಗಿಸಿ ಆಗಿತ್ತು, ಅವರಲ್ಲಿ ಬಹುಪಾಲು ಜನರನ್ನು ಕೊಲ್ಲಲಾಯಿತು. ಇಲ್ಲಿ ಎರಡನೆಯ ದೇಶವಿಲ್ಲ, ಪ್ರತಿಯಾಗಿ ಬಂದವರಿಲ್ಲ, ಹೋಗಿ ಸೇರುವ ಊರಿಲ್ಲ. ಇದು ನರಮೇಧ. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಉಪನಗರಗಳೂ ಸೇರಿ ಥೆಸಲೊನೀಕಿಯ ಜನಸಂಖ್ಯೆ ಮೂರು ಲಕ್ಷದ ಹತ್ತಿರಕ್ಕೆ ಬಂತು. 1913ರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದ ಸಾಲಿನಲ್ಲಿ ಉಳಿದದ್ದು ಎರಡು ಸಾವಿರದಷ್ಟು ಜನ.

ನಮ್ಮಲ್ಲಿ ಈ ಪದ ಹೆಚ್ಚಾಗಿ ಕಿವಿಗೆ ಬೀಳುವುದು ದೇಶ ವಿಭಜನೆಯ ಚರ್ಚೆಯಲ್ಲಿ. ಪಾಕಿಸ್ತಾನದ ಬೇಡಿಕೆಯನ್ನು 1940ರ ದಶಕದಲ್ಲಿ ಪರಿಶೀಲಿಸಿದ ಡಾ. ಅಂಬೇಡ್ಕರ್ ಅವರು ಟರ್ಕಿ, ಗ್ರೀಸ್, ಬಲ್ಗೇರಿಯಾಗಳ ಉದಾಹರಣೆಯನ್ನು ಎತ್ತಿಕೊಂಡು ಅದರ ಸಾಧ್ಯತೆಯನ್ನು ಚರ್ಚಿಸಿದ್ದರು. ಆದರೆ 1947ರಲ್ಲಿ ಪಂಜಾಬಿನ ಎರಡೂ ಭಾಗಗಳಲ್ಲಿ ಜನ ಗಡಿ ದಾಟಿದ್ದು ಅಂಥ ಒಪ್ಪಂದದಿಂದಲ್ಲ, ಹಿಂಸೆಯಿಂದ. ಸರ್ಕಾರಗಳ ಬೆಂಗಾವಲು ವ್ಯವಸ್ಥೆ ಆಮೇಲೆ ಬಂತು. 1950ರ ಏಪ್ರಿಲ್ 8ರಂದು ನೆಹರೂ ಮತ್ತು ಪಾಕಿಸ್ತಾನದ ಪ್ರಧಾನಿ ಲಿಯಾಖತ್ ಅಲಿ ಖಾನ್ ಸಹಿ ಮಾಡಿದ ಒಪ್ಪಂದವಂತೂ ಲೊಸಾನ್‌ಗೆ ತದ್ವಿರುದ್ಧವಾದದ್ದು: ಅಲ್ಪಸಂಖ್ಯಾತರು ಇದ್ದಲ್ಲಿಯೇ ಸಮಾನ ಪೌರರಾಗಿ ಇರಬೇಕು, ಓಡಿಹೋದವರು ಮರಳಿ ಬಂದರೆ ಅವರ ಆಸ್ತಿಯನ್ನು ಅವರಿಗೆ ಕೊಡಬೇಕು ಎಂಬುದು ಅದರ ಉದ್ದೇಶವಾಗಿತ್ತು.